ಗಂಜಿ ಹಾಕಬಾರದ ಬಟ್ಟೆ

ನನ್ನ ಮೊದಲ ಬಾಯ್ಲರ್ ಸೂಟಿಗೆ ಅಮ್ಮ ಗಂಜಿ ಹಾಕಿದ್ದಳು.

ಅವಳ ತಪ್ಪೇನಿಲ್ಲ. ಮಗನಿಗೆ ಮಂಗಳೂರಿನ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಕುತ್ತಿಗೆಯಿಂದ ಕಾಲಿನ ತನಕ ಒಂದೇ ತುಂಡಿನ, ಎದುರಿಗೆ ಉದ್ದಕ್ಕೆ ಜಿಪ್ ಇರುವ ಆ ನೀಲಿ ಬಟ್ಟೆ ಸುಕ್ಕುಸುಕ್ಕಾಗಿ ಹೋಗಬಾರದು ಅಲ್ವಾ? ಕುಚ್ಚಲಕ್ಕಿಯ ಗಂಜಿ ಬಣ್ಣ ಹಿಡಿಯುತ್ತದೆ ಅಂತ ಬೆಳ್ತಿಗೆ ಅಕ್ಕಿಯ ತಿಳಿ ಬಸಿದು, ಸೋಸಿ, ಅಪ್ಪನ ಪಂಚೆಗೆ ಹಾಕುವ ಹಾಗೇ ಇದಕ್ಕೂ ಹಾಕಿದಳು. ಮರುದಿನ ಹಗ್ಗದಿಂದ ತೆಗೆದರೂ ಸೂಟು ನೇತಾಡುತ್ತಿದ್ದ ಭಂಗಿಯಲ್ಲೇ ಇತ್ತು. ತೋಳು ಮಡಚಿದರೆ ಹಪ್ಪಳ ಮುರಿದ ಸದ್ದು.

ಡ್ಯೂಟಿಗೆ ಹೋದಾಗ ಸೇಫ್ಟಿ ವಿಭಾಗದ ಹಿರಿಯರೊಬ್ಬರು ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಕಾಲರಿನ ಒಳಗೆ ಹೊಲಿದಿದ್ದ ಚೀಟಿ ತೋರಿಸಿದರು. ಗಂಜಿ ಹಾಕಬೇಡಿ. ಬಟ್ಟೆ ಮೆತ್ತಗಾಗಿಸುವ ದ್ರಾವಣ ಹಾಕಬೇಡಿ. ಬ್ಲೀಚ್ ಬೇಡ. ಬಟ್ಟೆಗೆ ಬೆಂಕಿ ಹತ್ತಿಕೊಳ್ಳುವುದಿಲ್ಲ, ಸರಿ. ಆದರೆ ಅದಕ್ಕೆ ಮೆತ್ತಿದ ಗಂಜಿಗೆ ಹತ್ತಿಕೊಳ್ಳುತ್ತದಲ್ಲ!

"ನಿನ್ನಮ್ಮ ನಿನ್ನನ್ನು ಹಪ್ಪಳ ಮಾಡಿ ಕಳಿಸಿದ್ದಾರೆ ಮಾರಾಯ, ಇನ್ನು ಸುಡುವುದೊಂದೇ ಬಾಕಿ" ಅಂದರು.

ಗಂಜಿ ಎರಡು ಒಗೆತಕ್ಕೆ ಹೋಯಿತು. ಆದರೂ ಸೂಟಿಗೂ ನನಗೂ ಸರಿಹೋಗಲಿಲ್ಲ. ಕರಾವಳಿಯ ಏಪ್ರಿಲ್ ಗೊತ್ತಲ್ಲ, ಸುಮ್ನೆ ಕೂತವನೂ ಬೆವರುತ್ತಾನೆ. ಶಟ್‌ಡೌನ್ ಅಂದರೆ ಘಟಕ ನಿಲ್ಲಿಸಿ ರಿಪೇರಿ ಮಾಡುವ ಕೆಲಸ. ಆ ವರ್ಷ ಅದೂ ಅದೇ ತಿಂಗಳಿಗೆ ಬಿತ್ತು. ಕಬ್ಬಿಣದ ಮೆಟ್ಟಿಲು ಹತ್ತಿ ಮೂರನೇ ಅಂತಸ್ತಿಗೆ ಹೋಗುವಷ್ಟರಲ್ಲಿ ಬೆನ್ನಿನಿಂದ ಇಳಿದ ಬೆವರು ಸೊಂಟದ ಇಲಾಸ್ಟಿಕ್ಕಿನಲ್ಲಿ ಕೆರೆ ಕಟ್ಟುತ್ತಿತ್ತು. ಬಟ್ಟೆ ಅದನ್ನು ಕುಡಿಯುತ್ತಲೂ ಇರಲಿಲ್ಲ, ಹೊರಗೆ ಬಿಡುತ್ತಲೂ ಇರಲಿಲ್ಲ. ಕೂತರೆ ತೊಡೆಗೆ ಅಂಟು, ಎದ್ದರೆ ಕುತ್ತಿಗೆಗೆ ಕೆರೆತ.

ಹಾಗಾಗಿ ನಾವೆಲ್ಲ ಜಿಪ್ಪನ್ನು ಹೊಕ್ಕುಳದ ತನಕ ಇಳಿಸುತ್ತಿದ್ದೆವು. ಸ್ವಲ್ಪ ಧೈರ್ಯ ಜಾಸ್ತಿ ಇದ್ದವರು ತೋಳು ಕಳಚಿ ಸೊಂಟಕ್ಕೆ ಗಂಟು ಹಾಕಿಕೊಳ್ಳುತ್ತಿದ್ದರು. ಕೆಳಗೆ ಸೇಫ್ಟಿಯವರ ಹೆಲ್ಮೆಟ್ ಕಂಡಿತೋ, ಮೂರೂ ಅಂತಸ್ತಿನಲ್ಲಿ ಸಾಲಾಗಿ ಜರ್ರ್, ಜರ್ರ್. ಹೆಲ್ಮೆಟ್ ಮರೆಯಾದರೆ ಮತ್ತೆ ಜರ್ರ್.

ಮೀಟಿಂಗಿನಲ್ಲಿ ನಮ್ಮನ್ನು ಅಶಿಸ್ತಿನವರು ಅಂತ ಬೈದರು. ಬೈಯಲಿ, ಅದು ಅವರ ಕೆಲಸ. ನನಗೆ ಮಾತ್ರ ತಪ್ಪು ನಮ್ಮದಕ್ಕಿಂತ ಬಟ್ಟೆಯದ್ದೇ ಹೆಚ್ಚು ಅನಿಸಿತು. ಸಾವಿರಾರು ರೂಪಾಯಿ ಕೊಟ್ಟು ತಂದ, ಬೆಂಕಿಗೆ ಜಗ್ಗದ ಬಟ್ಟೆ. ಎದೆ ನೋಡಿದರೆ ಬಯಲು. ಮೈಗೆ ಆಗದ ಬಟ್ಟೆಯನ್ನು ಮನುಷ್ಯ ಹೇಗಾದರೂ ಮಾಡಿ ತೆರೆದೇ ತೆರೆಯುತ್ತಾನೆ. ಇಂಥ ಬಟ್ಟೆಯಲ್ಲಿ ಹಿತ ಅನ್ನುವುದು ಶೋಕಿಯಲ್ಲ, ಅದೂ ಸೇಫ್ಟಿಯ ಬಾಬ್ತೇ.

ಕಾಲರಿನ ಚೀಟಿಯಲ್ಲಿ ಇನ್ನೊಂದು ಸಾಲಿತ್ತು. 93 ಭಾಗ ಮೆಟಾ ಅರಾಮಿಡ್, 5 ಭಾಗ ಪ್ಯಾರಾ ಅರಾಮಿಡ್, 2 ಭಾಗ ಕರೆಂಟು ಕೂಡಿಕೊಳ್ಳದಂತೆ ನೋಡಿಕೊಳ್ಳುವ ಕಾರ್ಬನ್ ನೂಲು. ಮದುವೆಗೆ ಮೊದಲು ಕುಲಗೋತ್ರ ವಿಚಾರಿಸಬೇಕಿತ್ತು. ನಾನು ಆಮೇಲೆ ವಿಚಾರಿಸಿದೆ.

ನೈಲಾನಿನ ಅಣುಗಳು ಬೇಯಿಸಿದ ಶಾವಿಗೆಯ ಹಾಗೆ, ಎಲ್ಲಿ ಬೇಕಾದರೂ ಬಳುಕುತ್ತವೆ. ಬಿಸಿ ಜೋರಾದರೆ ಒಂದರ ಮೇಲೊಂದು ಜಾರಿ ಕರಗಿಬಿಡುತ್ತವೆ. ಅರಾಮಿಡ್ ಅದರದ್ದೇ ದಾಯಾದಿ. ಆದರೆ ಇದರ ಎಳೆಯ ಉದ್ದಕ್ಕೂ ಬೆಂಜೀನ್ ಉಂಗುರಗಳನ್ನು ಪೋಣಿಸಿರುತ್ತದೆ, ಆ ಉಂಗುರಗಳು ಬಗ್ಗುವ ಜಾತಿಯವಲ್ಲ. ಹಾಗಾಗಿ ಅರಾಮಿಡ್ ಕರಗುವುದಿಲ್ಲ. ಸುಮಾರು 370 ಡಿಗ್ರಿ ಸೆಲ್ಸಿಯಸ್ ಬಂದಾಗ ಕರಿಕಾಗಿ, ಉಬ್ಬಿ, ಮೈಗೂ ಬೆಂಕಿಗೂ ನಡುವೆ ಅಡ್ಡ ನಿಲ್ಲುತ್ತದೆ. ಅಮೆರಿಕದ ಡುಪಾಂಟ್ ಕಂಪನಿ ಚೀಟಿಯ ಮೆಟಾ ಅರಾಮಿಡ್ಡನ್ನು ನೋಮೆಕ್ಸ್ ಅನ್ನುವ ಹೆಸರಿನಲ್ಲಿ 1967ರಲ್ಲಿ ಮಾರಾಟಕ್ಕೆ ತಂದಿತು. ಅದರ ಒಡಹುಟ್ಟು ಕೆವ್ಲಾರ್, ಪ್ಯಾರಾ ಅರಾಮಿಡ್ ಜಾತಿಯದ್ದು. ಅದಕ್ಕೆ ದಾರಿ ಮಾಡಿದವರು ಅದೇ ಕಂಪನಿಯ ಸ್ಟೆಫನಿ ಕ್ವೋಲೆಕ್, 1965ರಲ್ಲಿ. ಅವರು ತಯಾರಿಸಿದ ದ್ರಾವಣ ದಪ್ಪಗೆ, ತಿಳಿಯಾಗಿ ಇರುವ ಬದಲು ಮಜ್ಜಿಗೆ ನೀರಿನ ಹಾಗೆ ಮಬ್ಬಾಗಿ ತೆಳ್ಳಗಿತ್ತು. ಇದನ್ನು ಯಂತ್ರಕ್ಕೆ ಹಾಕಿದರೆ ನೂಲು ಬರುವ ತೂತುಗಳೆಲ್ಲ ಕಟ್ಟಿಕೊಳ್ಳುತ್ತವೆ ಅಂತ ಯಂತ್ರ ನೋಡಿಕೊಳ್ಳುವವರು ಮೊದಲು ಒಪ್ಪಲೇ ಇಲ್ಲ. ಆಕೆ ಬಿಡಲಿಲ್ಲ. ನಮ್ಮ ಮನೆಯಲ್ಲಾಗಿದ್ದರೆ ಕೆವ್ಲಾರ್ ಅಕ್ಕಚ್ಚಿನ ಬಾಲ್ದಿ ಸೇರಿ, ಸಂಜೆಗೆ ದನ ಕುಡಿದು ಮುಗಿಸುತ್ತಿತ್ತು.

ಬೆಂಕಿಗೆ ಬಗ್ಗದಿರುವುದೇ ಇವುಗಳ ಗುಣ, ಮೈಗೂ ಬಗ್ಗದಿರುವುದೇ ದೋಷ. ಎಳೆಗಳು ಒಳಗೆ ಒತ್ತೊತ್ತಾಗಿ ಕೂತಿರುತ್ತವೆ. ನೀರಿಗೆ ನುಗ್ಗಲು ಜಾಗ ಕಡಿಮೆ.

ಬಟ್ಟೆಯ ಹಿತ ಇರುವುದು ಬಹುಪಾಲು ಈ ನೀರಿನ ಲೆಕ್ಕದಲ್ಲಿ. 100 ಗ್ರಾಂ ಒಣ ಹತ್ತಿಯನ್ನು ಸಾಧಾರಣ ತೇವದ ಗಾಳಿಯಲ್ಲಿ ಇಟ್ಟರೆ ಅದು ಸುಮಾರು 8 ಗ್ರಾಂ ನೀರನ್ನು ಗಾಳಿಯಿಂದಲೇ ಎಳೆದುಕೊಂಡು ಏನೂ ಆಗದವರ ಹಾಗೆ ಕೂರುತ್ತದೆ. ಮುಟ್ಟಿದರೆ ಒಣಗಿದೆ ಅಂತಲೇ ಅನಿಸುತ್ತದೆ. ಉಣ್ಣೆ 15 ಗ್ರಾಂ ಎಳೆದುಕೊಳ್ಳುತ್ತದೆ. ನಮ್ಮ ಸೂಟಿನ ಅರಾಮಿಡ್ 4ರಿಂದ 5 ಗ್ರಾಂ. ಪಾಲಿಯೆಸ್ಟರ್ ಅಂತೂ ಅರ್ಧ ಗ್ರಾಮೂ ಇಲ್ಲ.

ಹಾಗಾದರೆ ಆಟಗಾರರು ಹಾಕುವ ಪಾಲಿಯೆಸ್ಟರ್ ಟಿ-ಶರ್ಟ್ ಅಷ್ಟು ಹಾಯಾಗಿರುವುದು ಹೇಗೆ? ಅದು ನೀರು ಕುಡಿಯುವುದಿಲ್ಲ, ಎಳೆಗಳ ಸಂದಿಯಲ್ಲಿ ಹೊರಗೆ ಸಾಗಿಸುತ್ತದೆ. ನಮ್ಮ ಗುಂಪಿನ ಹುಡುಗನೊಬ್ಬ ಇದೇ ಉಪಾಯ ಹೂಡಿ ಸೂಟಿನ ಒಳಗೆ ಕ್ರಿಕೆಟ್ ಜೆರ್ಸಿ ಹಾಕಿಕೊಂಡು ಬಂದು ಗೇಟಿನಲ್ಲೇ ಸಿಕ್ಕಿಬಿದ್ದ. ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸೆಕೆಗೆ ಬೇಸತ್ತವರು ನಾವು ಮಾತ್ರ ಅಂದುಕೊಂಡಿದ್ದೆ. ಇರಾಕಿನಲ್ಲಿದ್ದ ಅಮೆರಿಕದ ಮರೈನ್ ಸೈನಿಕರೂ ಅದನ್ನೇ ಮಾಡುತ್ತಿದ್ದರಂತೆ. 2006ರಲ್ಲಿ ಅವರ ಅಧಿಕಾರಿಗಳು ಶಿಬಿರದಿಂದ ಹೊರಗೆ ಹೋಗುವಾಗ ಇಂಥ ಬಟ್ಟೆ ಹಾಕಬಾರದು ಅಂತ ಆದೇಶ ಹೊರಡಿಸಬೇಕಾಯಿತು. ನಮ್ಮ ಹುಡುಗನಿಗೆ ಈ ವಿಷಯ ಹೇಳಿದಾಗ ಅವನಿಗೆ ಬಹಳ ಸಮಾಧಾನವಾಯಿತು.

ಬೆಂಕಿಯದ್ದೂ ಒಂದು ಲೆಕ್ಕ ಉಂಟು. ಗಾಳಿಯಲ್ಲಿ ನೂರಕ್ಕೆ ಸುಮಾರು 21 ಭಾಗ ಆಮ್ಲಜನಕ. ಹತ್ತಿ ಬಟ್ಟೆ ಉರಿಯುತ್ತಾ ಇರಲು 18 ಭಾಗ ಸಾಕು, ಅದಕ್ಕೇ ಬೆಂಕಿ ತಾಗಿದರೆ ನಿಲ್ಲುವುದಿಲ್ಲ. ಉಣ್ಣೆಗೆ 25 ಬೇಕು. ಅರಾಮಿಡ್ಡಿಗೆ 28-29. ಎರಡೂ ಲೆಕ್ಕ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ನಗು ಬಂತು. ನೀರೂ ಕುಡಿಯುತ್ತದೆ, ಬೆಂಕಿಗೂ ಬೇಗ ಬೀಳುವುದಿಲ್ಲ: ನಮ್ಮ ಕಂಬಳಿ! ಚಳ್ಳಕೆರೆಯ ಕಡೆ ಹುಣಸೆ ಬೀಜದ ಅಂಟು ಬಳಿದ ನೂಲಿನಲ್ಲಿ ನೇಯುವ, ಮಲೆನಾಡಿನಲ್ಲಿ ಮಳೆಗೆ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಳ್ಳುವ ಅದೇ ಕಂಬಳಿ. ಬಟ್ಟೆಗೆ ಬೆಂಕಿ ಹತ್ತಿದವರ ಮೇಲೆ ಕಂಬಳಿ ಹೊದಿಸು ಅಂತ ಹಿರಿಯರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ಕಂಬಳಿಯ ಬಾಯ್ಲರ್ ಸೂಟು ಹೊಲಿಸಿಕೊಂಡು ಮೂರನೇ ಅಂತಸ್ತು ಹತ್ತು ಅಂದರೆ ನಾನು ರಾಜೀನಾಮೆ ಬರೆಯುತ್ತಿದ್ದೆ.

ಆಮ್ಲಜನಕದ ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದು ಜಗತ್ತಿಗೆ ತಿಳಿದದ್ದು 1967ರ ಜನವರಿ 27ರಂದು. ಅಪೊಲೊ 1 ನೌಕೆಯ ಒಳಗೆ ತುಂಬಿದ್ದದ್ದು ಬರೀ ಆಮ್ಲಜನಕ. ನೆಲದ ಮೇಲೆ ಪರೀಕ್ಷೆ ನಡೆಯುವಾಗಲೇ ಬೆಂಕಿ ಹತ್ತಿ ಮೂವರು ಗಗನಯಾತ್ರಿಗಳು ತೀರಿಕೊಂಡರು. ಆಮೇಲೆ ಅವರ ಹೊರ ಉಡುಪಿಗೆ ಟೆಫ್ಲಾನ್ ಸವರಿದ ಗಾಜಿನ ನೂಲಿನ ಬಟ್ಟೆ ಬಂತು. ಗಾಜು ಉರಿಯುವುದಿಲ್ಲ ನಿಜ. ಆದರೆ ಗಾಜಿನ ನೂಲು ಮೈಗೆ ತಾಗಿದರೆ ನಸುಗುನ್ನಿ ಕಾಯಿ ಸವರಿದ ಹಾಗೆ. ಇನ್ನೊಂದು ನೂಲೂ ಆಗ ಮುಂದೆ ಬಂತು. ಹೆಸರು ಪಾಲಿಬೆಂಜಿಮಿಡಜೋಲ್. ನಾಲಿಗೆ ಹೊರಳದವರಿಗೆ ಪಿಬಿಐ. ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ಮಾರ್ವೆಲ್ 1961ರಲ್ಲಿ ತಯಾರಿಸಿದ ಈ ಜಾತಿಗೆ ಉರಿಯಲು 41 ಭಾಗ ಆಮ್ಲಜನಕ ಬೇಕು, ನೀರು ಮಾತ್ರ ಉಣ್ಣೆಯಷ್ಟೇ ಕುಡಿಯುತ್ತದೆ, ಹತ್ತತ್ತಿರ 15 ಗ್ರಾಂ. ಬಣ್ಣವೂ ಚಿನ್ನದ್ದು, ಬೆಲೆಯೂ ಅದರ ದಾರಿಯಲ್ಲೇ. ಹಾಗಾಗಿ ಅಗ್ನಿಶಾಮಕರ ಕೋಟಿನಲ್ಲೂ ಅದನ್ನು 40 ಭಾಗ ಹಾಕಿ, ಉಳಿದ 60ಕ್ಕೆ ಅರಾಮಿಡ್ ಬೆರೆಸುವುದುಂಟು. ಹಾಲಿಗೆ ನೀರು ಬೆರೆಸುವ ವಿದ್ಯೆ ಎಲ್ಲ ಕಡೆಯೂ ಉಂಟು.

ಬೆರಕೆಯೇ ಕೊನೆಗೆ ನಮ್ಮನ್ನೂ ಉಳಿಸಿತು. ನಾನು ಕೆಲಸ ಬಿಡುವ ಎರಡು ವರ್ಷ ಮೊದಲು ಹೊಸ ಸೂಟು ಬಂತು. ಅದರಲ್ಲಿ ಅರಾಮಿಡ್ಡಿನ ಜೊತೆ ಬೆಂಕಿ ತಡೆಯುವ ವಿಸ್ಕೋಸ್ ಸೇರಿತ್ತು. ವಿಸ್ಕೋಸ್ ಅಂದರೆ ಮರದ ತಿರುಳಿನಿಂದ ತೆಗೆದ ನೂಲು. ಹರಿಹರದ ಹತ್ತಿರ ತುಂಗಭದ್ರೆಯ ದಡದಲ್ಲಿ ನೀಲಗಿರಿ ಮರದ ತಿರುಳಿನಿಂದ ಮಾಡುತ್ತಾರಲ್ಲ, ಆ ಜಾತಿಯದ್ದು. ನೂಲು ತೆಗೆಯುವ ಮೊದಲೇ ಆ ಪಾಕಕ್ಕೆ ರಂಜಕ ಸೇರಿದ ಮದ್ದು ಬೆರೆಸುತ್ತಾರೆ. ಬೆಂಕಿಪೊಟ್ಟಣದಲ್ಲಿ ಕಿಡಿ ಹಚ್ಚುವ ರಂಜಕ ಇಲ್ಲಿ ಬೆಂಕಿ ಆರಿಸುವ ಕಡೆ ನಿಂತಿದೆ. ವಿಸ್ಕೋಸ್ ಹತ್ತಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಅರಾಮಿಡ್ ಗಟ್ಟಿತನ ನೋಡಿಕೊಳ್ಳುತ್ತದೆ.

ಹೊಸ ಸೂಟಿನ ಮೊಣಕೈ ಹತ್ತಿರ ಒಂದು ಎಳೆ ಸಡಿಲವಾಗಿತ್ತು. ಅದನ್ನು ಎಳೆದು ಬಿಡಿಸಿ ನೋಡಿದೆ. ಒಂದೇ ಉದ್ದದ ತಂತಿ ಅಂದುಕೊಂಡಿದ್ದರೆ ಒಳಗೆ ಇದ್ದದ್ದು ಬೆರಳುದ್ದದ ಚೂರುಗಳು, ಒಂದೊಂದೂ ಗುಂಗುರು ಕೂದಲಿನ ಹಾಗೆ ಸುರುಳಿ. ಉದ್ದ ಎಳೆಯನ್ನು ಬೇಕಂತಲೇ ಹತ್ತಿಯ ಅಳತೆಗೆ ಕತ್ತರಿಸಿ, ಗುಂಗುರು ಮಾಡಿ, ಹತ್ತಿಯ ಹಾಗೇ ಹಿಂಜಿ ನೂಲುತ್ತಾರೆ. ಆಗ ಬಟ್ಟೆಯ ಮೈಮೇಲೆ ಸಣ್ಣ ರೋಮ ಏಳುತ್ತದೆ, ಚರ್ಮಕ್ಕೆ ಪೂರ್ತಿ ಅಂಟುವುದಿಲ್ಲ, ನಡುವೆ ಗಾಳಿ ನಿಲ್ಲುತ್ತದೆ. ಅಷ್ಟೆಲ್ಲ ರಸಾಯನ ಮಾಡಿ ಕೊನೆಗೆ ಹತ್ತಿಯ ವೇಷ ಹಾಕಿಸಿದ್ದಾರೆ. ಕಂಕುಳಿನಲ್ಲಿ ಒಂದು ತುಂಡು ಬಟ್ಟೆ ಜಾಸ್ತಿ ಕೊಟ್ಟಿದ್ದರು, ಕೈ ಮೇಲೆತ್ತಿದರೆ ಇಡೀ ಸೂಟು ಮೇಲೆ ಬರುತ್ತಿರಲಿಲ್ಲ. ನಮ್ಮೂರಿನ ಟೈಲರ್ ರವಿಕೆಗೆ ಮಾಡುವ ಉಪಾಯ ಅದು. ಹಳೇ ಸೂಟು ಹೊಲಿದವರಿಗೆ ಯಾಕೆ ಹೊಳೆದಿರಲಿಲ್ಲವೋ!

ಇಂಥ ಬಟ್ಟೆಯ ಹಿತ ಅಳೆಯಲು ಬೆವರುವ ತಟ್ಟೆಯೊಂದಿದೆ. ಲೋಹದ ತಟ್ಟೆಯನ್ನು ಚರ್ಮದಷ್ಟೇ, 35 ಡಿಗ್ರಿಗೆ ಬೆಚ್ಚಗಿಟ್ಟು, ಸಣ್ಣ ರಂಧ್ರಗಳಿಂದ ನೀರು ಒಸರಿಸಿ, ಮೇಲೆ ಬಟ್ಟೆ ಹಾಸಿ ಎಷ್ಟು ಶಾಖ ಹೊರಗೆ ಹೋಯಿತು ಅಂತ ನೋಡುತ್ತಾರೆ. ಬೆವರುವ ಬೊಂಬೆಗಳೂ ಇವೆ. ಇನ್ನೊಂದು ಜಾತಿಯ ಬೊಂಬೆಗೆ ಸೂಟು ತೊಡಿಸಿ, ಮೈಯೆಲ್ಲ ನೂರಕ್ಕೂ ಹೆಚ್ಚು ಸೆನ್ಸರ್ ಇಟ್ಟು, ಸುತ್ತಲೂ ಗ್ಯಾಸಿನ ಜ್ವಾಲೆ ಬಿಡುತ್ತಾರೆ. ಒಂದಕ್ಕೆ ಬೆವರುವ ಕೆಲಸ, ಇನ್ನೊಂದಕ್ಕೆ ಬೇಯುವ ಕೆಲಸ. ನಮಗೆ ಶಟ್‌ಡೌನಿನಲ್ಲಿ ಎರಡೂ ಒಟ್ಟಿಗೆ ಇತ್ತು.

ಅಗ್ನಿಶಾಮಕರನ್ನು ನೆನೆದರೆ ಮಾತ್ರ ನಮ್ಮ ಗೋಳು ಸಣ್ಣದು ಅನಿಸುತ್ತದೆ. ಅವರ ಕೋಟು ಮೂರು ಪದರ: ಹೊರಗೆ ಅರಾಮಿಡ್, ನಡುವೆ ಹೊರಗಿನ ನೀರನ್ನು ತಡೆದು ಬೆವರಿನ ಆವಿಯನ್ನು ಮಾತ್ರ ಬಿಡುವ ತೆಳು ಪೊರೆ, ಒಳಗೆ ಶಾಖ ತಡೆಯುವ ದಪ್ಪ ಬಟ್ಟೆ. ಗಾಳಿ ಸಿಲಿಂಡರೂ ಸೇರಿದರೆ 20 ಕಿಲೋ ದಾಟುತ್ತದೆ. ಅಮೆರಿಕದಲ್ಲಿ ಕರ್ತವ್ಯದಲ್ಲಿದ್ದಾಗ ಸತ್ತ ಅಗ್ನಿಶಾಮಕರಲ್ಲಿ ದೊಡ್ಡ ಪಾಲು ಸುಟ್ಟಗಾಯದವರದ್ದಲ್ಲ, ಹಠಾತ್ತಾಗಿ ಹೃದಯ ನಿಂತವರದ್ದು. ಓಡಾಟ, ಭಾರ, ಗಾಬರಿ, ಜೊತೆಗೆ ಮೈಯ ಶಾಖ ಹೊರಗೆ ಹೋಗದಂತೆ ಮುಚ್ಚಿದ ಕೋಟು. ಅಲ್ಲಿನ ನಿಯಮದಲ್ಲಿ ಈಗ ಕೋಟು ಬೆಂಕಿ ತಡೆದರೆ ಸಾಲದು, ಬೆವರುವ ತಟ್ಟೆಯಲ್ಲೂ ಪಾಸಾಗಬೇಕು.

ಅವರಿಗೆ ಇನ್ನೊಂದು ಕಾಟ ಹಬೆಯದ್ದು. ಒದ್ದೆಯಾದ ಬಟ್ಟೆಗೆ ಹೊರಗಿನ ಶಾಖ ಹೊಡೆದರೆ ಒಳಗಿನ ಬೆವರೇ ಕಾದು ಮೈ ಸುಡುತ್ತದೆ. ಇದು ನನಗೆ ಪುಸ್ತಕಕ್ಕಿಂತ ಅಮ್ಮನಿಂದ ಚೆನ್ನಾಗಿ ಅರ್ಥವಾಯಿತು. ಹಳೇ ಸೂಟಿನ ಒಂದು ಕಾಲನ್ನು ಕತ್ತರಿಸಿ ಅವಳಿಗೆ ಮಸಿಬಟ್ಟೆ ಮಾಡಿಕೊಟ್ಟಿದ್ದೆ. "ಇದಕ್ಕೆ ಬೆಂಕಿ ಹತ್ತುವುದೇ ಇಲ್ಲ" ಅಂತ ಜಂಬದಿಂದ ಹೇಳಿದೆ. ಅದರಲ್ಲಿ ಅನ್ನದ ಪಾತ್ರೆ ಹಿಡಿದು ಎತ್ತಿದವಳು ಅಲ್ಲೇ ಇಟ್ಟು ಕೈ ಕೊಡವಿದಳು.

"ಬೆಂಕಿ ಹತ್ತುವುದಿಲ್ಲ, ಬಿಸಿ ಹತ್ತುತ್ತದೆ. ಎಂತ ಬಟ್ಟೆ ಇದು?"

ಸರಿ, ತೆಳು ಬಟ್ಟೆ. ಬಿಸಿ ತಡೆಯುವುದು ನೂಲಿಗಿಂತ ಹೆಚ್ಚಾಗಿ ಅದರೊಳಗೆ ನಿಂತ ಗಾಳಿ. ಅವಳು ತನ್ನ ಹಳೇ ಹತ್ತಿ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಒದ್ದೆ ಉಂಟಾ ಅಂತ ಮುಟ್ಟಿ ನೋಡಿ, ಪಾತ್ರೆ ಇಳಿಸಿದಳು.

ಹಾಗಾಗಿ ಒಂದು ಕಾಲಿಲ್ಲದ ಸೂಟು ಅಪ್ಪನ ಪಾಲಾಯಿತು. ತೋಟದಲ್ಲಿ ಸುಡುಮಣ್ಣು ಮಾಡುವಾಗ ಅವರಿಗೆ ಅದೇ ಯೂನಿಫಾರಂ. ಮೊನ್ನೆ ಒಣ ಎಲೆ, ಕಸಕಡ್ಡಿ ಗುಡ್ಡೆ ಹಾಕಿ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟಿದ್ದರು. ಹೊಗೆಯ ನಡುವೆ ಉದ್ದ ಕೋಲು ಹಿಡಿದು ನಿಂತಿದ್ದಾರೆ, ಒಂದು ಕಾಲಿಗೆ ನೀಲಿ, ಇನ್ನೊಂದು ಕಾಲು ಬರಿದು. ಅಮ್ಮ ಅಂಗಳದಿಂದ ಕೂಗಿದಳು: "ಇವ್ರೇ, ಜಿಪ್ಪು ಹಾಕಿಕೊಳ್ಳಿ! ಕಿಡಿ ಹಾರ್ತದೆ!"

ಅಪ್ಪ ಒಮ್ಮೆ ತಿರುಗಿ ನೋಡಿದರು. ಜರ್ರ್ ಅಂತ ಮೇಲೆ ಎಳೆದರು. ಅಮ್ಮ ಒಳಗೆ ಹೋದಳು. ನಾನು ಕಿವಿಗೊಟ್ಟು ಕಾದೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಮತ್ತೆ ಜರ್ರ್.