ಮಲೆನಾಡಲ್ಲೇ ಒಂದು ‘ಮಲೆನಾಡು ಥೀಮ್’

ಅಣ್ಣನ ಮಗಳ ಮದುವೆಗೆ ಡೆಕೋರೇಷನ್‌ನವರನ್ನು ಗೊತ್ತು ಮಾಡಲು ಹೋಗಿದ್ದೆವು. ಅಂಗಡಿಯ ಹುಡುಗ ಮೊಬೈಲಿನಲ್ಲಿ ಒಂದೊಂದೇ ಫೋಟೊ ಸರಿಸುತ್ತಾ ಹೋದ. ಇದು ರಾಯಲ್ ಥೀಮ್, ಇದು ಪೀಕಾಕ್, ಇದು ಟೆಂಪಲ್. ನಮ್ಮ ಮುಖ ನೋಡಿ ಅವನಿಗೆ ಏನನ್ನಿಸಿತೋ, “ಮೇಡಂ, ನಿಮಗೆ ಇದಾಗುತ್ತೆ ನೋಡಿ, ಮಲೆನಾಡು ಥೀಮ್. ಬೆಂಗಳೂರಲ್ಲಿ ತುಂಬಾ ಓಡ್ತಿದೆ” ಅಂದ. ನಾಲ್ಕು ಪ್ಲಾಸ್ಟಿಕ್ ಅಡಿಕೆ ಮರ, ಥರ್ಮೋಕೋಲಿನ ಹೆಂಚಿನ ಮಾಡು, ಪಕ್ಕಕ್ಕೊಂದು ಗಾಡಿ ಚಕ್ರ, ಹಿಂದೆ ಫ್ಲೆಕ್ಸಿನ ಮೇಲೆ ಮಂಜು ಕವಿದ ಗುಡ್ಡ.

ನಾವು ಕೂತಿದ್ದದ್ದು ಮಲೆನಾಡಿನದೇ ಊರಾದ ಸಾಗರದಲ್ಲಿ. ಆ ಅಂಗಡಿಯ ಹಿಂದಿನ ಕಿಟಕಿಯಲ್ಲಿ ನಿಜವಾದ ಅಡಿಕೆ ತೋಟ ಕಾಣುತ್ತಿತ್ತು. ಅಣ್ಣ ಕಿಟಕಿ ನೋಡಿದ, ಆಮೇಲೆ ನನ್ನನ್ನು ನೋಡಿದ. ಇಬ್ಬರೂ ಮಾತಾಡಲಿಲ್ಲ.

“ಥರ್ಮೋಕೋಲ್ ಬ್ಯಾನ್ ಆಗಿದೆಯಲ್ವೇನಪ್ಪಾ?” ಅಂತ ಕೇಳಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಪ್ಲಾಸ್ಟಿಕ್ ಸಾಮಾನಿನ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಹೆಸರು ಹಿಡಿದೇ ಇದೆ. ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಯೂ ಇದೆ. “ಬ್ಯಾನ್ ಆಗಿದೆ ಮೇಡಂ, ಆದ್ರೆ ಸಿಗುತ್ತೆ” ಅಂದ, ಬಹಳ ಪ್ರಾಮಾಣಿಕವಾಗಿ. ಎಲ್ಲ ಸೇರಿ 1.75 ಲಕ್ಷ ಹೇಳಿದ. ಯೋಚನೆ ಮಾಡಿ ಹೇಳ್ತೀವಿ ಅಂತ ಎದ್ದು ಬಂದೆವು.

ನಾವು ಹಿಡಿದಿದ್ದ ಜಾಗವೂ ಅಂಥ ಚಂದದ್ದೇನಲ್ಲ. ಒಂದು ಸಮುದಾಯ ಭವನ. ನೀವೆಲ್ಲ ಅಂಥದ್ದರಲ್ಲಿ ಉಂಡಿರುತ್ತೀರಿ. ಎದೆಮಟ್ಟದವರೆಗೆ ಕಡು ಹಸಿರು ಬಣ್ಣ, ಮೇಲೆ ತಿಳಿ ಹಸಿರು. ಸಾಲು ಟ್ಯೂಬ್‌ಲೈಟು. ರೆಕ್ಕೆ ರೆಕ್ಕೆಗೂ ದಾನಿಗಳ ಹೆಸರು ಬರೆದ ಫ್ಯಾನು. ‘ಗೋಡೆಗೆ ಮೊಳೆ ಹೊಡೆಯಬಾರದು’ ಅಂತ ಒಂದು ಬೋರ್ಡು, ಅದನ್ನು ಮೊಳೆ ಹೊಡೆದೇ ನೇತುಹಾಕಿದ್ದಾರೆ.

ಇಂಥ ಹಾಲನ್ನು ಚಂದ ಮಾಡುವುದು ಅಂದರೆ ಮೇಲಿಂದ ಕೆಳಗೆ ಬಟ್ಟೆ ಹೊದೆಸುವುದು ಅಂತಲೇ ನಾನೂ ಇಷ್ಟು ವರ್ಷ ತಿಳಿದಿದ್ದೆ. ಈಗಿನ ಮದುವೆಗಳಲ್ಲಿ ಆಗುವುದೂ ಅದೇ. ಸೀಲಿಂಗಿಗೆ ಬಿಳಿ ಬಟ್ಟೆ, ಕಂಬಕ್ಕೆ ಬಟ್ಟೆ, ಕುರ್ಚಿಗೆ ಬಟ್ಟೆ, ಕಿಟಕಿಗೂ ಬಟ್ಟೆ. ಫ್ಯಾನು ಮುಚ್ಚಿಹೋಗಿ ಜನ ಬೆವರುತ್ತಾರೆ ಅಂತ ಬಾಡಿಗೆಗೆ ಕೂಲರ್ ತರಿಸುತ್ತಾರೆ. ಒಂದು ಮದುವೆಯಲ್ಲಂತೂ ಪಕ್ಕದ ಬಾಗಿಲು ಎಲ್ಲಿದೆ ಅಂತಲೇ ತಿಳಿಯದೆ ಬಟ್ಟೆಯ ಗೋಡೆ ಸವರಿಕೊಂಡು ಹೋಗಿದ್ದೆ. ಆಗ ನಗು ಬಂದಿತ್ತು. ಆಮೇಲೆ ನೆನೆದರೆ ನಗು ಬರುವುದಿಲ್ಲ. 1995ರ ಡಿಸೆಂಬರಿನಲ್ಲಿ ಹರಿಯಾಣದ ಡಬವಾಲಿಯಲ್ಲಿ ಶಾಲೆಯೊಂದರ ಕಾರ್ಯಕ್ರಮ ನಡೆಯುವಾಗ ಶಾಮಿಯಾನಕ್ಕೆ ಬೆಂಕಿ ಹತ್ತಿ 400ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಒಂದು ಕಲ್ಯಾಣ ಮಂಟಪದಲ್ಲಿ ಚಪ್ಪರಕ್ಕೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಮದುಮಗನೂ ಇದ್ದ. ಬಟ್ಟೆ, ಗರಿ, ವೈರು, ಬಿಸಿ ದೀಪ ಎಲ್ಲ ಒಂದೇ ಕಡೆ ಸೇರಿಸುವಾಗ ಬಾಗಿಲು ಎಲ್ಲಿದೆ ಅಂತ ಒಬ್ಬರಾದರೂ ನೋಡಬೇಕಲ್ಲ.

ಇಲ್ಲಿ ನನಗೆ ಬಯಲಾಟ ನೆನಪಾಗುತ್ತದೆ. ಚಿಕ್ಕವಳಿದ್ದಾಗ ನಮ್ಮೂರ ಗದ್ದೆಯಲ್ಲಿ ಯಕ್ಷಗಾನ ಮೇಳದ ಆಟ. ಬೆಳಿಗ್ಗೆ ದನ ಮೇಯುತ್ತಿದ್ದ ಕೊಯ್ಲಾದ ಗದ್ದೆ. ಸಂಜೆ ಹೊತ್ತಿಗೆ ನಾಲ್ಕು ಕಂಬ ನೆಟ್ಟು, ಮಾವಿನ ಸೊಪ್ಪಿನ ತೋರಣ ಕಟ್ಟಿ, ದೀಪ ಹಾಕುತ್ತಿದ್ದರು. ಅಷ್ಟೇ. ಪರದೆ ಇಲ್ಲ, ಅರಮನೆಯ ಚಿತ್ರ ಇಲ್ಲ. ಚೆಂಡೆ ಬಿದ್ದು ವೇಷ ಬಂದ ಕೂಡಲೇ ಅದು ದೇವೇಂದ್ರನ ಒಡ್ಡೋಲಗ, ಗಳಿಗೆ ಬಿಟ್ಟು ಕುರುಕ್ಷೇತ್ರ. ಕೂಳೆ ಕಾಲಿಗೆ ಚುಚ್ಚುತ್ತಿದ್ದರೂ ಗದ್ದೆಯಲ್ಲಿ ಕೂತಿದ್ದೇವೆ ಅನ್ನುವುದು ಮರೆತೇ ಹೋಗುತ್ತಿತ್ತು. ಸುತ್ತ ಕತ್ತಲು ಇಟ್ಟು, ಬೇಕಾದ ಕಡೆ ಮಾತ್ರ ಬೆಳಕು ಚೆಲ್ಲುತ್ತಿದ್ದರು. ಅಷ್ಟರಿಂದಲೇ ಗದ್ದೆ ಕಾಣೆಯಾಗುತ್ತಿತ್ತು.

ಕೊನೆಗೆ ಭವನದ ಅಲಂಕಾರ ನಾವೇ ಮಾಡುವುದು ಅಂತಾಯಿತು. ನಾನೂ ಮೊದಲು ಅದನ್ನೇ ಮಾಡಿದೆ: ಟ್ಯೂಬ್‌ಲೈಟ್ ಆಫ್ ಮಾಡಿಸಿದೆ. ಬಲ್ಬಿನ ಡಬ್ಬಿ ತಿರುಗಿಸಿ ನೋಡಿ, 6500ಕೆ ಅಂತ ಬರೆದಿದ್ದರೆ ಆಸ್ಪತ್ರೆಯ ಬಿಳಿ ಬೆಳಕು. 2700, 3000 ಇದ್ದರೆ ದೀಪದ ಹಳದಿ. ಆ ಕಡು ಹಸಿರು ಗೋಡೆ ಬಿಳಿ ಬೆಳಕಲ್ಲಿ ಪಾಚಿಯ ಹಾಗೆ ಕಾಣುತ್ತಿದ್ದದ್ದು ಹಳದಿ ಬೆಳಕಲ್ಲಿ ಬೇರೆಯದೇ ಗೋಡೆ ಆಯಿತು. ಬಣ್ಣ ಬಳಿದಿಲ್ಲ, ಬಟ್ಟೆ ಕಟ್ಟಿಲ್ಲ. ಎಲೆಕ್ಟ್ರಿಷಿಯನ್‌ಗೆ ಮಾತ್ರ ಸಮಾಧಾನವಿಲ್ಲ. “ಅಕ್ಕಾ, ಕತ್ಲು ಕತ್ಲು ಅನ್ಸುತ್ತೆ. ದುಡ್ಡಿಲ್ದೋರ್ ಮದ್ವೆ ಅಂದ್ಕೋತಾರೆ ಜನ” ಅಂತ ಎರಡು ಸಲ ಎಚ್ಚರಿಸಿದ.

ಎರಡನೆಯದು ಕುರ್ಚಿ. ಸಿನಿಮಾ ಟಾಕೀಸಿನಂತೆ ಸಾಲಾಗಿ ಹಾಕಿದ್ದನ್ನು ಕಿತ್ತು, ಎಂಟೆಂಟು ಕುರ್ಚಿ ಎದುರುಬದುರಾಗಿ ಗುಂಪು ಗುಂಪಾಗಿ ಇಡಿಸಿದೆವು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹತ್ತು ವರ್ಷ ಮಾತು ಬಿಟ್ಟಿದ್ದ ಇಬ್ಬರು ದಾಯಾದಿಗಳು ಎದುರುಬದುರು ಕೂರಬೇಕಾಗಿ ಬಂತು. ಅದು ನಮ್ಮ ಪ್ಲಾನಿನಲ್ಲಿ ಇರಲಿಲ್ಲ.

ಇನ್ನು ಸ್ಟೇಜು. ನಾವು ದೀವರು, ಮಲೆನಾಡಿನ ಒಂದು ಸಮುದಾಯ. ನಮ್ಮಲ್ಲಿ ಮದುವೆ ಅಂದರೆ ಹಸೆಗೋಡೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ನೆನೆಸಿ ಅರೆದದ್ದು ಬಿಳಿ, ಅಕ್ಕಿ ಸುಟ್ಟು ಮಾಡಿದ್ದು ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಅಂದರೆ ಪುಂಡಿ ನಾರು. ಭೂಮಿ ಹುಣ್ಣಿಮೆ ಹಬ್ಬಕ್ಕೆ ಪೂಜೆಯ ಬುಟ್ಟಿಯ ಮೇಲೆ ಬರೆಯುವುದೂ ಇದೇ ಕೈಗಳು. ಮಣ್ಣಿನ ಗೋಡೆಯ ಮನೆಯನ್ನು ಒಂದು ದಿನಕ್ಕೆ ಮದುವೆ ಮನೆ ಮಾಡುತ್ತಿದ್ದದ್ದು ಆ ಗೆರೆಗಳೇ. ಥೀಮ್ ಅನ್ನುವ ಪದ ನಮ್ಮೂರಿಗೆ ಬರುವ ಎಷ್ಟೋ ಕಾಲದ ಹಿಂದಿನ ಮಾತು.

ನನ್ನ ಅಮ್ಮನಿಗೆ ಬರುತ್ತಿತ್ತು. ನಾನು ಕಲಿಯಲಿಲ್ಲ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ, ಅದೊಂದು ನೆಪ. ಚಿಕ್ಕಮ್ಮನನ್ನು ಕೇಳಿದೆವು. ಮೊದಲು ನಕ್ಕರು. “ಈಗ ಯಾರ್ ನೋಡ್ತಾರೆ ಇದ್ನ, ಫ್ಲೆಕ್ಸಲ್ಲೇ ಬರುತ್ತಲ್ಲ” ಅಂದರು. ನಿಜ, ಫ್ಲೆಕ್ಸಿನಲ್ಲೂ ಬರುತ್ತದೆ. ಡೆಕೋರೇಷನ್ ಹುಡುಗನ ಮೊಬೈಲಿನಲ್ಲಿ ಹಸೆ ಚಿತ್ತಾರದ ಪ್ರಿಂಟೂ ಇತ್ತು.

ಭವನದ ಗೋಡೆ ಮುಟ್ಟುವ ಹಾಗಿಲ್ಲ. ಎಂಟಡಿಗೆ ನಾಲ್ಕಡಿಯ ಪ್ಲೈವುಡ್ ಮೂರು ತಂದು ಮನೆ ಅಂಗಳದಲ್ಲಿ ಕೆಮ್ಮಣ್ಣು ಸಾರಿಸಿದೆವು. ಮಾರನೆಯ ದಿನ ನೋಡಿದರೆ ಒಣಗಿದ ಕೆರೆಯ ಹಾಗೆ ಬಿರುಕು. ಮಣ್ಣು ಮಣ್ಣಿನ ಗೋಡೆಗೆ ಹಿಡಿಯುತ್ತದೆ, ನುಣುಪು ಹಲಗೆಗೆ ಯಾಕೆ ಹಿಡಿದೀತು? ಎರಡನೇ ಸಲ ಸ್ವಲ್ಪ ಫೆವಿಕಾಲ್ ಸೇರಿಸಿದೆವು. ಶುದ್ಧ ಸಂಪ್ರದಾಯ ಬೇಕೆನ್ನುವವರು ಕ್ಷಮಿಸಬೇಕು. ಚಿಕ್ಕಮ್ಮ ಮತ್ತು ಅವರ ಊರಿನ ಇಬ್ಬರು ಹೆಂಗಸರು ನಾಲ್ಕು ದಿನ ಕೂತು ಬರೆದರು. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ನಡುವೆ ಗೆರೆ ಒಂದು ಓರೆಯಾಯಿತು ಅಂತ ನಾನು ತೋರಿಸಿದ್ದಕ್ಕೆ, “ನೀ ಬ್ಯಾಂಕಲ್ಲಿ ತಪ್ಪು ಹುಡುಕೋದೇ ಕಲ್ತಿದ್ದೆ” ಅಂದರು.

ದುಡ್ಡು ಕೊಡುವಾಗ ಪೇಚಾಟಕ್ಕೆ ಬಂತು. ಫ್ಲೆಕ್ಸಿಗೆ ಚದರಡಿಗೆ ಇಷ್ಟು ಅಂತ ಲೆಕ್ಕ ಇದೆ. ಇದಕ್ಕೇನು ಲೆಕ್ಕ? ತೋಟದ ಕೂಲಿಯ ಲೆಕ್ಕದಲ್ಲಿ ಕೊಟ್ಟರೆ ಸಾಕು ಅಂತ ಅವರೇ ಹೇಳಿದರು. ಡೆಕೋರೇಷನ್‌ನವರು ಹೇಳಿದ ರೇಟಿಗೆ ಚೌಕಾಸಿ ಮಾಡಲೂ ಹೆದರಿದ್ದ ನಮ್ಮವರಲ್ಲೇ ಒಬ್ಬರು ಇಲ್ಲಿ “ಅದೇ ಸರಿ” ಅಂದಾಗ ನನಗೆ ಸಿಟ್ಟು ಬಂತು. ಅದರ ಮೂರು ಪಟ್ಟು ಕೊಟ್ಟೆವು. ಅದೂ ಕಡಿಮೆಯೇ.

ಹೂವಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೂ ಸಿಕ್ಕಿಸಲು ಬಳಸುವ ಹಸಿರು ಇಟ್ಟಿಗೆಯಂಥ ಫೋಮ್ ಇದೆಯಲ್ಲ, ಅದು ಫಿನಾಲ್ ಫಾರ್ಮಾಲ್ಡಿಹೈಡ್ ಅನ್ನುವ ಪ್ಲಾಸ್ಟಿಕ್. ಮಣ್ಣಲ್ಲಿ ಕೊಳೆಯುವುದಿಲ್ಲ, ಪುಡಿಯಾಗುತ್ತದೆ ಅಷ್ಟೇ. ಅದರ ಬದಲು ಬಾಳೆ ದಿಂಡು ತುಂಡು ಮಾಡಿ ಸಿಕ್ಕಿಸಿದೆವು, ಒಳಗೇ ನೀರಿರುತ್ತದೆ. ಬಾಗಿಲಿಗೆ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು. ತೋಟ ನಮ್ಮದೇ ಆದರೂ ಇದು ಪುಕ್ಕಟೆ ಅಲ್ಲ. ಒಂದು ಹಿಂಗಾರ ಕಡಿದರೆ ಒಂದು ಗೊನೆ ಹೋದಂತೆ. ಪ್ರತಿ ಸಲ ಕತ್ತಿ ಬಿದ್ದಾಗಲೂ ಅಣ್ಣ ಅವತ್ತಿನ ರಾಶಿ ಅಡಿಕೆ ರೇಟು ಹೇಳುತ್ತಿದ್ದ. ಹತ್ತಕ್ಕೆ ನಿಲ್ಲಿಸಿದೆವು.

ಎಲ್ಲ ಸರಿಯಾಯಿತು ಅಂತಲ್ಲ. ಆರತಕ್ಷತೆ ಶುರುವಾಗುತ್ತಲೇ ವಿಡಿಯೊದವರು ಎರಡು ದೊಡ್ಡ ಬಿಳಿ ಲೈಟು ಹಚ್ಚಿದರು. ಇಡೀ ಸಂಜೆಯ ಹಳದಿ ಬೆಳಕು ಅಲ್ಲಿಗೆ ಸತ್ತಿತು. ಅವರಿಗೆ ಮೊದಲೇ ಹೇಳದ್ದು ನನ್ನ ತಪ್ಪು. ಅತ್ತಿಗೆಯ ಕಡೆಯ ಒಬ್ಬರು “ಡೆಕೋರೇಷನ್ ಇನ್ನೂ ಮುಗಿದಿಲ್ವಾ?” ಅಂತ ಕೇಳಿದರು. ಅತ್ತಿಗೆ ಆ ಮಾತನ್ನು ಇವತ್ತಿಗೂ ನನಗೆ ನೆನಪಿಸುತ್ತಾರೆ. ಗಂಡಿನ ಕಡೆಯ ಬೆಂಗಳೂರಿನವರು ಮಾತ್ರ ಚಿತ್ತಾರದ ಮುಂದೆ ಕ್ಯೂ ನಿಂತು ಸೆಲ್ಫಿ ತೆಗೆದುಕೊಂಡರು. “ಯಾವ ಈವೆಂಟ್‌ನವರು ಇವರು?” ಅಂತ ವಿಚಾರಿಸಿದರು. ಚಿಕ್ಕಮ್ಮ ಆಗ ಊಟದ ಹಾಲ್‌ನಲ್ಲಿ ಪಾಯಸ ಸವಿಯುತ್ತಿದ್ದರು.

ಇದನ್ನು ಓದಿ ಡೆಕೋರೇಷನ್ ಹುಡುಗರನ್ನು ಬೈಯಬೇಡಿ. ಬೆಂಗಳೂರಿನ ಮದುವೆಗಳಲ್ಲಿ ನೋಡಿದ್ದೇನೆ, ರಾತ್ರಿ ಹನ್ನೊಂದಕ್ಕೆ ರಿಸೆಪ್ಷನ್ ಮುಗಿದರೆ ಬೆಳಗಿನ ಜಾವ ಧಾರೆಯ ಹೊತ್ತಿಗೆ ಇಡೀ ಸ್ಟೇಜು ಬೇರೆ ಆಗಿರಬೇಕು. ಬಂಗಾಳದಿಂದ ಬಂದ ಹುಡುಗರು ಏಣಿಯ ಮೇಲೆ ನಿಂತು ನಿದ್ದೆಗಣ್ಣಲ್ಲಿ ಹೂ ಕಟ್ಟುತ್ತಿರುತ್ತಾರೆ. ಅವರ ಬೆರಳಿನ ಚಳಕಕ್ಕೆ ಕೈ ಮುಗಿಯಬೇಕು. ಫೋಟೊ ತೋರಿಸಿ “ಇದೇ ಥರ ಬೇಕು” ಅನ್ನುವವರು ನಾವು. ಎಂಥ ಹಾಲು, ಎಷ್ಟು ಎತ್ತರ, ಕಿಟಕಿ ಎತ್ತ ಇದೆ, ಸಂಜೆ ಬಿಸಿಲು ಎಲ್ಲಿಂದ ಬರುತ್ತದೆ ಅಂತ ಅವರಿಗೆ ನೋಡಲು ನಾವು ಬಿಟ್ಟಿದ್ದೇವಾ?

ಥೀಮೇ ಬೇಡ ಅನ್ನುವವಳೂ ಅಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ತಪ್ಪದೆ ಹೋಗುತ್ತೇನೆ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಅದು. ವರ್ಷದ ಉಳಿದ ದಿನ ಖಾಲಿ ಹೊಡೆಯುತ್ತಿರುತ್ತದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹೊತ್ತಿಗೆ ನಡುವೆ ಹೂವಿನ ಒಂದು ದೊಡ್ಡ ಆಕೃತಿ ಎದ್ದು ನಿಲ್ಲುತ್ತದೆ. ಆದರೆ ಆ ಗಾಜಿನ ಮಾಡನ್ನು ಯಾರೂ ಬಟ್ಟೆಯಿಂದ ಮುಚ್ಚುವುದಿಲ್ಲ. ಮೇಲಿಂದ ಇಳಿಯುವ ಬೆಳಕಿನಿಂದಲೇ ಹೂವು ಹಾಗೆ ಕಾಣುವುದು.

ನಮ್ಮ ಒಟ್ಟು ಖರ್ಚು ಚಿತ್ತಾರದವರಿಗೆ ಕೊಟ್ಟದ್ದೂ ಸೇರಿ 40 ಸಾವಿರದೊಳಗೆ ಮುಗಿಯಿತು. ಅಣ್ಣನ ಹಿಂಗಾರದ ಲೆಕ್ಕ ಬಿಟ್ಟು.

ಮೂರು ಹಲಗೆಗಳಲ್ಲಿ ಎರಡನ್ನು ಮನೆಗೆ ತಂದೆವು. ನಡುವಿನದನ್ನು ಭವನ ನೋಡಿಕೊಳ್ಳುವವರು “ಇಲ್ಲೇ ಇರ್ಲಿ ಬಿಡಿ ಅಮ್ಮ, ಚಂದ ಇದೆ” ಅಂತ ಕೇಳಿ ಇಟ್ಟುಕೊಂಡರು. ಕಳೆದ ವಾರ ಅದೇ ಭವನಕ್ಕೆ ಒಂದು ನಾಮಕರಣಕ್ಕೆ ಹೋಗಿದ್ದೆ. ಹಲಗೆ ಸ್ಟೇಜಿನ ಮೇಲೇ ಇದೆ. ಅದರ ಮುಂದೆ ಬಿಳಿ ಬಟ್ಟೆ ಇಳಿಬಿಟ್ಟು ಪ್ಲಾಸ್ಟಿಕ್ ಅಡಿಕೆ ಮರ ನಿಲ್ಲಿಸಿದ್ದರು.