ಚಿತ್ರದಲ್ಲಿ ಕಂಡದ್ದನ್ನು ಹೇಳೋಣ

ನಮ್ಮ ಹವ್ಯಾಸಿ ಛಾಯಾಗ್ರಾಹಕರ ಗುಂಪು ತಿಂಗಳಿಗೊಮ್ಮೆ ಸೇರಿದಾಗ ಪ್ರತಿಯೊಬ್ಬರೂ ಎರಡೆರಡು ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತಾರೆ, ಉಳಿದವರು ಅಭಿಪ್ರಾಯ ಹೇಳುತ್ತಾರೆ. ಈ ಕೂಟಗಳಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿರುವ ಮಾತು "ತುಂಬಾ ಚೆನ್ನಾಗಿದೆ" ಎಂಬುದು. ಹೇಳುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಮಾತನ್ನು ಕೇಳಿಸಿಕೊಂಡು ಮನೆಗೆ ಹೋದವರಿಗೆ, ಮುಂದಿನ ಸಲ ಕ್ಯಾಮೆರಾ ಕೈಗೆತ್ತಿಕೊಂಡಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಎಂಬುದು ಮೊದಲಿನಷ್ಟೇ ಅಸ್ಪಷ್ಟವಾಗಿ ಉಳಿದಿರುತ್ತದೆ. "ಶಾರ್ಪ್ ಆಗಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗುವುದರಿಂದಲೂ ಅಷ್ಟೇ ಪ್ರಯೋಜನ.

ಕೆಲವು ತಿಂಗಳ ಹಿಂದೆ ಹೊಸ ಸದಸ್ಯೆಯೊಬ್ಬರು ತಮ್ಮ ಅಜ್ಜಿ ಕಿಟಕಿಯ ಪಕ್ಕ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದ ಚಿತ್ರವನ್ನು ತಂದಿದ್ದರು. ಮೆಚ್ಚುಗೆಯ ಮಾತುಗಳೂ ಬಂದವು, "ಫೋಕಸ್ ಸರಿಯಿಲ್ಲ" ಎಂಬ ತೀರ್ಪೂ ಬಂದಿತು. ಆಮೇಲೆ ಹಿರಿಯ ಸದಸ್ಯರೊಬ್ಬರು ತಮ್ಮ ಅಭಿಪ್ರಾಯ ಹೇಳುವ ಮೊದಲು, "ಶಟರ್ ಒತ್ತುವ ಹೊತ್ತಿಗೆ ನೀವು ನೋಡುತ್ತಿದ್ದದ್ದು ಏನನ್ನು?" ಎಂದು ಕೇಳಿದರು. "ದಾರದ ತುದಿಯನ್ನು. ಅದು ಸಣ್ಣಗೆ ನಡುಗುತ್ತಿತ್ತು," ಎಂದು ಆಕೆ ಉತ್ತರಿಸಿದರು. ಚಿತ್ರದಲ್ಲಿ ಅಜ್ಜಿಯ ಕಣ್ರೆಪ್ಪೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು, ದಾರದ ತುದಿ ಮಾತ್ರ ಮಂಜಿನಲ್ಲಿ ಕರಗಿತ್ತು.

ಅಲ್ಲಿಂದ ಮುಂದಿನ ಮಾತುಕತೆಯ ರೀತಿಯೇ ಬದಲಾಯಿತು. ಆಕೆ ಮಾಡಿದ್ದಂತೆ ಫುಲ್ ಫ್ರೇಮ್ (ದೊಡ್ಡ ಸಂವೇದಕದ) ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸಿನ ಕಿಂಡಿಯನ್ನು ಎಫ್ 1.8ಕ್ಕೆ, ಅಂದರೆ ಬಹಳ ಅಗಲವಾಗಿ, ತೆರೆದು ಸುಮಾರು ಒಂದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ಸೂಜಿ ಹಿಡಿದ ಕೈ ಕಣ್ಣಿಗಿಂತ ಒಂದು ಗೇಣು ಮುಂದಿತ್ತು. ಐಎಸ್ಒವನ್ನು, ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯನ್ನು, 400ರಿಂದ 2000ಕ್ಕೆ ಏರಿಸಿದ್ದರೆ ಅದೇ ಶಟರ್ ವೇಗದಲ್ಲಿ ಕಿಂಡಿಯನ್ನು ಎಫ್ 4ಕ್ಕೆ ಕಿರಿದಾಗಿಸಬಹುದಿತ್ತು, ಆದರೂ ಆಳ ಮೂರು ಸೆಂಟಿಮೀಟರಿನ ಆಸುಪಾಸಿಗೆ ಬರುತ್ತಿತ್ತೇ ಹೊರತು ಕಣ್ಣು, ಸೂಜಿ ಎರಡನ್ನೂ ಹಿಡಿಯುತ್ತಿರಲಿಲ್ಲ. ಆದ್ದರಿಂದ ಒಂದೋ ಮುಖ ಮಸುಕಾದರೂ ಸರಿ ಎಂದು ದಾರದ ತುದಿಗೇ ಫೋಕಸ್ ಮಾಡಬೇಕಿತ್ತು, ಇಲ್ಲವೇ ಛಾಯಾಗ್ರಾಹಕಿ ಎರಡು ಹೆಜ್ಜೆ ಸರಿದು ಪಕ್ಕದಿಂದ ನೋಡಬೇಕಿತ್ತು. ಪಕ್ಕದಿಂದ ನೋಡಿದರೆ ಕಣ್ಣು ಮತ್ತು ಸೂಜಿ ಕ್ಯಾಮೆರಾದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ. "ಫೋಕಸ್ ಸರಿಯಿಲ್ಲ" ಎಂದವರು ಹೇಳಿದ್ದು ಸುಳ್ಳಲ್ಲ, ಆದರೆ ಆಕೆಯ ಮನಸ್ಸಿನಲ್ಲಿದ್ದ ಚಿತ್ರ ಯಾವುದೆಂದು ಕೇಳಿದ ಮೇಲೆಯೇ ಆ ಮಾತಿಗೊಂದು ಉಪಯೋಗ ಬಂದಿತು.

ಅಂದಿನಿಂದ ನಾನೂ ಮೊದಲು ಕೇಳಿ ಆಮೇಲೆ ಹೇಳುವ ಪ್ರಯತ್ನ ಮಾಡುತ್ತಿದ್ದೇನೆ. ಹೇಳುವಾಗ "ಹಿನ್ನೆಲೆ ಕೆಟ್ಟದಾಗಿದೆ" ಎನ್ನುವುದಕ್ಕಿಂತ "ನನ್ನ ಕಣ್ಣು ಮೊದಲು ಕಿಟಕಿಯ ಆ ಬಿಳಿ ಪರದೆಯ ಮೇಲೆ ಹೋಯಿತು, ಮುಖಕ್ಕೆ ಬರಲು ಹೊತ್ತು ಹಿಡಿಯಿತು" ಎಂದರೆ ಕೇಳುವವರ ಕೈಗೆ ಒಂದು ಸುಳಿವು ಸಿಗುತ್ತದೆ. ಇದರ ಜೊತೆಗೆ, ಈಗಲೇ ಸರಿಪಡಿಸಬಹುದಾದುದು ಯಾವುದು, ಮುಂದಿನ ಸಲಕ್ಕೆ ನೆನಪಿಡಬೇಕಾದುದು ಯಾವುದು ಎಂದು ಬಿಡಿಸಿ ಹೇಳುವುದು ಬಹಳ ಮುಖ್ಯ ಎಂದು ನಾನು ನಂಬುತ್ತೇನೆ. ವಾಲಿದ ದಿಗಂತವನ್ನು, ತುಸು ಕಪ್ಪಾದ ನೆರಳನ್ನು, ಅಂಚಿನಲ್ಲಿ ಇಣುಕಿದ ಕೊಂಬೆಯನ್ನು ಎಡಿಟಿಂಗ್‌ನಲ್ಲಿ ಸರಿಮಾಡಬಹುದು. ತಪ್ಪಿಹೋದ ಕ್ಷಣವನ್ನು, ಜೇಪೆಗ್ ಕಡತದಲ್ಲಿ ಪೂರ್ತಿ ಬಿಳಿಯಾಗಿ ಸುಟ್ಟುಹೋದ ಆಕಾಶವನ್ನು ಮರಳಿ ತರಲಾಗದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಹೊಸಬರಿಗೆ ಎಲ್ಲವೂ ಸಮಾನ ಅಪರಾಧಗಳಂತೆ ಕೇಳಿಸುತ್ತವೆ. ಒಂದು ಚಿತ್ರಕ್ಕೆ ಒಂದೆರಡು ಮಾತು ಸಾಕು, ಹತ್ತು ತಪ್ಪು ಹೇಳಿಸಿಕೊಂಡವರು ಒಂದನ್ನೂ ತಿದ್ದುವುದಿಲ್ಲ. ಇನ್ನೊಬ್ಬರ ಚಿತ್ರವನ್ನು ಅವರನ್ನು ಕೇಳದೆ ಕತ್ತರಿಸಿ, ಬಣ್ಣ ಬದಲಿಸಿ "ಹೀಗಿರಬೇಕಿತ್ತು" ಎಂದು ತೋರಿಸುವುದಂತೂ ಬೇಡವೇ ಬೇಡ.

ನಿಯಮಗಳ ಬಗ್ಗೆಯೂ ಒಂದು ಮಾತು. ಚೌಕಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಸಮಭಾಗ ಮಾಡಿ ಮುಖ್ಯವಾದುದನ್ನು ಆ ಗೆರೆಗಳ ಮೇಲೆ ಇಡಬೇಕೆನ್ನುವ ಮೂರನೇ ಒಂದರ ನಿಯಮವನ್ನು ನಮ್ಮಲ್ಲಿ ಅಳತೆಗೋಲಿನಂತೆ ಬಳಸುವವರಿದ್ದಾರೆ. ಆ ಹೆಸರಿನಿಂದ ಅದನ್ನು ಬರೆದಿಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ. ಅದು 1797ರಲ್ಲಿ, ಛಾಯಾಗ್ರಹಣ ಬಳಕೆಗೆ ಬರುವ ದಶಕಗಳ ಮೊದಲು, ನಿಸರ್ಗ ಚಿತ್ರಗಳ ರಚನೆಯ ಬಗ್ಗೆ ಕೊಟ್ಟ ಸಲಹೆ. ನಿಶ್ಚಲ ನೀರಿನಲ್ಲಿ ಬೆಟ್ಟದ ಪ್ರತಿಬಿಂಬ ಬಿದ್ದ ಚಿತ್ರದಲ್ಲಿ ದಿಗಂತ ನಟ್ಟನಡುವೆ ಇದ್ದರೆ, ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಸಮಾನ ತೂಕ ಕೊಡುವುದೇ ಛಾಯಾಗ್ರಾಹಕರ ಉದ್ದೇಶವಾಗಿರಬಹುದಲ್ಲವೇ? ಅಂಥ ಚಿತ್ರವನ್ನು "ನಿಯಮ ಮುರಿದಿದೆ" ಎಂದು ಬದಿಗಿಟ್ಟಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಅಭಿಪ್ರಾಯ ಕೊಡುವುದಕ್ಕಿಂತ ಅದನ್ನು ತೆಗೆದುಕೊಳ್ಳುವುದು ನನಗೆ ಹೆಚ್ಚು ಕಷ್ಟವಾಗಿದೆ. ಮಳೆ ನಿಂತ ಮೇಲೆ ಒದ್ದೆ ಮೆಟ್ಟಿಲುಗಳನ್ನು ಹತ್ತುತ್ತಿದ್ದ ಹುಡುಗನೊಬ್ಬನ ಚಿತ್ರವನ್ನು ನಾನು ತೋರಿಸಿದಾಗ ಒಬ್ಬರು ಎಡಗಡೆಯ ಖಾಲಿ ಗೋಡೆಯನ್ನು ಕತ್ತರಿಸಿ ಎಂದರು, ಇನ್ನೊಬ್ಬರು ಆ ಗೋಡೆಯ ಮುಂದೆ ಇನ್ನೊಬ್ಬ ವ್ಯಕ್ತಿ ಇರಬೇಕಿತ್ತು ಎಂದರು. ನಾನು ಅಲ್ಲಿ ಒಂದು ಗಂಟೆ ಕಾದದ್ದನ್ನು, ಆ ಖಾಲಿತನವೇ ನನಗೆ ಬೇಕಿದ್ದುದನ್ನು ವಿವರಿಸುತ್ತಲೇ ನನ್ನ ಸಮಯವೆಲ್ಲ ಮುಗಿಯಿತು. ನಾನು ಕಾದ ಗಂಟೆ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಆ ದಿನದ ನಂತರ, ನನ್ನ ಚಿತ್ರ ಪರದೆಯ ಮೇಲಿರುವಷ್ಟು ಹೊತ್ತು ಉತ್ತರ ಕೊಡದೆ, ಹೇಳಿದ್ದನ್ನೆಲ್ಲ ಹೇಳಿದವರ ಪದಗಳಲ್ಲೇ ಬರೆದುಕೊಂಡು, ಎರಡು ದಿನ ಬಿಟ್ಟು ಚಿತ್ರವನ್ನು ಮುಂದಿಟ್ಟುಕೊಂಡು ಓದುವ ರೂಢಿ ಮಾಡಿಕೊಂಡಿದ್ದೇನೆ. ಹಾಗೆ ಓದುವಾಗ ಗಮನಿಸಿದ್ದೇನೆಂದರೆ, ಇಬ್ಬರು ಬೇರೆ ಬೇರೆ ಪರಿಹಾರ ಹೇಳಿದರೂ ಬೆರಳು ತೋರಿಸಿದ ಜಾಗ ಒಂದೇ ಆಗಿದ್ದರೆ, ಆ ಜಾಗದಲ್ಲಿ ಸಾಮಾನ್ಯವಾಗಿ ಏನೋ ತೊಂದರೆ ಇರುತ್ತದೆ. ಮೆಟ್ಟಿಲಿನ ಚಿತ್ರವನ್ನು ಹಾಗೆ ಮತ್ತೆ ನೋಡಿದಾಗ ಗೋಡೆಯ ತೀರಾ ಅಂಚಿನಲ್ಲಿ ಅಂಗೈಯಗಲದ ಬಿಸಿಲಿನ ತುಣುಕೊಂದು ಕಂಡಿತು. ಅದು ಹುಡುಗನಿಗಿಂತ ಹೆಚ್ಚು ಹೊಳೆಯುತ್ತಿತ್ತು. ನಾನು ಗೋಡೆಯನ್ನು ಕತ್ತರಿಸಲಿಲ್ಲ. ಆ ತುಣುಕನ್ನಷ್ಟೇ ಸ್ವಲ್ಪ ಮಬ್ಬಾಗಿಸಿ ಮುಂದಿನ ತಿಂಗಳು ಅದೇ ಚಿತ್ರವನ್ನು ಮತ್ತೆ ತೋರಿಸಿದೆ, ಈ ಸಲ ಯಾರೂ ಗೋಡೆಯ ಮಾತೆತ್ತಲಿಲ್ಲ. ಹುಡುಗನ ಎತ್ತಿದ ಹಿಮ್ಮಡಿಯ ಬಗ್ಗೆ ಮಾತಾಡಿದರು.