ಮುತ್ತಿನ ಬಾಗಿಲು

ಕಳೆದ ಶನಿವಾರ ಕಣ್ಣೆದುರೇ ಹೊರಟುಹೋದ ಬಸ್ಸಿನ ಹಿಂದಿನ ಕೆಂಪು ದೀಪ ನನಗೆ ಇನ್ನೂ ಮರೆತಿಲ್ಲ. ಬಸ್ಸು ಸರಿಯಾದ ಸಮಯಕ್ಕೇ ಹೊರಟಿತ್ತು; ತಡವಾದದ್ದು ನಮಗೆ, ಅದಕ್ಕೆ ಕಾರಣ ಅಪ್ಪ.

ತೀರ್ಥಹಳ್ಳಿ ಕಡೆಯಿಂದ ಮೂರು ತಿಂಗಳಿಗೆಂದು ಬಂದಿರುವ ಅಪ್ಪನಿಗೆ ಇಂಗ್ಲೆಂಡಿನ ಹಳ್ಳಿಗಳನ್ನೂ ತೋರಿಸಿಬಿಡೋಣವೆಂದು ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿ, ಮೋರ್ಟನ್-ಇನ್-ಮಾರ್ಷ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಬೋರ್ಟನ್-ಆನ್-ದ-ವಾಟರ್‌ಗೆ ಹೋಗಿದ್ದೆವು. ಅಲ್ಲಿಂದ ಲೋವರ್ ಸ್ಲಾಟರ್, ಮುಂದೆ ಐ ಎಂಬ ಪುಟ್ಟ ಹೊಳೆಯ ಗುಂಟ ಅಪ್ಪರ್ ಸ್ಲಾಟರ್. ಒಂದು ಕಡೆಗೆ ಸುಮಾರು 4 ಕಿಲೋಮೀಟರ್ ನಡಿಗೆ. ಹೆಸರು ಕೇಳಿ ಕಟುಕರ ಕೇರಿ ಎಂದುಕೊಳ್ಳಬೇಡಿ, ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕೆಸರು ನೆಲವೆಂದು ಅರ್ಥವಂತೆ. ನಮ್ಮ ಬಾಗಿಲ ಬಳಿ ಒಣಗುತ್ತಿರುವ ಎರಡು ಜೊತೆ ಬೂಟುಗಳನ್ನು ನೋಡಿದರೆ ಆ ಅರ್ಥದಲ್ಲಿ ಯಾರಿಗೂ ಸಂಶಯ ಉಳಿಯಲಾರದು.

ಜೇನುಬಣ್ಣದ ಕಲ್ಲಿನ ಮನೆಗಳನ್ನು ಅಪ್ಪ ಒಮ್ಮೆ ಕಣ್ಣೆತ್ತಿ ನೋಡಿ, 'ಚೆನ್ನಾಗಿದೆ' ಎಂದು ಮುಗಿಸಿದರು. ಅವರ ಮನಸ್ಸು ಸೆಳೆದದ್ದು ಗೇಟುಗಳು. ಇಲ್ಲಿನ ಕಾಲುದಾರಿಗಳು ರೈತರ ಸ್ವಂತ ಹೊಲಗಳ ನಡುವೆಯೇ ಹಾಯುತ್ತವೆ. ನಡೆಯುವ ಹಕ್ಕು ಎಲ್ಲರಿಗೂ ಉಂಟು, ಕುರಿಗಳು ಹೊರಬೀಳದಂತೆ ಗೇಟು ಹಾಕಿಕೊಂಡು ಹೋಗುವ ಹೊಣೆಯೂ ಉಂಟು. ಈ ಹೊಣೆಯನ್ನು ಇಂಗ್ಲೆಂಡಿನಲ್ಲಿ ಅಪ್ಪನಷ್ಟು ಗಂಭೀರವಾಗಿ ಯಾರೂ ವಹಿಸಿಕೊಂಡಿರಲಾರರು. ಗೇಟು ಹಾಕುವುದು, ಅಲ್ಲಾಡಿಸುವುದು, ಹತ್ತು ಹೆಜ್ಜೆ ನಡೆದ ಮೇಲೆ ತಿರುಗಿ ಹೋಗಿ ಮತ್ತೊಮ್ಮೆ ಅಲ್ಲಾಡಿಸುವುದು.

ಇಷ್ಟರಲ್ಲಿ ಚಿಲಕವೇ ಇಲ್ಲದ ಗೇಟೊಂದು ಎದುರಾಯಿತು. ಅರ್ಧಚಂದ್ರಾಕಾರದ ಕಟಕಟೆಯೊಳಗೆ ಅತ್ತಿತ್ತ ಆಡುವ ಬಾಗಿಲು. ಮನುಷ್ಯ ಒಳಹೊಕ್ಕು, ಬಾಗಿಲು ಸರಿಸಿ, ಆಚೆ ನುಸುಳಬಹುದು, ಕುರಿಗೆ ಸಾಧ್ಯವಿಲ್ಲ. ಬಾಗಿಲು ಎರಡೂ ಕಡೆಯ ಗೂಟಕ್ಕೆ ತಾಗಿ ನಿಲ್ಲುವುದರಿಂದ ಇದರ ಹೆಸರು ಕಿಸ್ಸಿಂಗ್ ಗೇಟ್. 'ಇದಕ್ಕೆ ಏನೆನ್ನುತ್ತಾರೋ?' ಎಂದು ಅಪ್ಪ ಕೇಳಿದಾಗ, ಹೆತ್ತ ತಂದೆಯೆದುರು ಆ ಮಾತನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ತೋಚದೆ, ತಲೆ ತಗ್ಗಿಸಿ 'ಮುತ್ತಿನ ಬಾಗಿಲು' ಎಂದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಮರದ ಪಟ್ಟಿಗಳನ್ನೆಲ್ಲ ಸವರಿ, 'ಒಂದೂ ಉಳಿದಿಲ್ಲವಲ್ಲ, ಯಾರೋ ಕಿತ್ತುಕೊಂಡು ಹೋಗಿದ್ದಾರೆ' ಎಂದು ಮರುಗಿದರು.

ಅಲ್ಲಿಗೇ ಮುಗಿದಿದ್ದರೆ ಬಸ್ಸು ಸಿಗುತ್ತಿತ್ತು. ಚಿಲಕವಿಲ್ಲದ ಬಾಗಿಲನ್ನು ಹಾಗೆಯೇ ಬಿಟ್ಟು ಬರಲು ಮನಸ್ಸೊಪ್ಪದ ಅಪ್ಪ ಕರವಸ್ತ್ರ ತೆಗೆದು ಅದನ್ನು ಗೂಟಕ್ಕೆ ಕಟ್ಟತೊಡಗಿದರು. ಅಷ್ಟರಲ್ಲಿ ಹಿಂದಿನಿಂದ ಬಂದ ವೃದ್ಧ ದಂಪತಿ, ಜೊತೆಗೊಂದು ನಾಯಿ, ಕಟಕಟೆಯೊಳಗೆ ಸಿಕ್ಕಿಕೊಂಡರು. ಕೂಡಿಹಾಕಿದವರು ನಾವು, 'ಸಾರಿ' ಎಂದವರು ಅವರು. ಗಂಟು ಬಿಚ್ಚುವಷ್ಟರಲ್ಲಿ ನಾಲ್ಕು ಬಾರಿ ಹೇಳಿದರು.

ಬಸ್ಸು ತಪ್ಪಿದ ಮೇಲೆ ನಿಲ್ದಾಣದಲ್ಲಿ ನಾನು ಮಾತಾಡಲಿಲ್ಲ. ಅಪ್ಪನೇ ಮೆಲ್ಲಗೆ, ನಮ್ಮ ಮನೆಯ ಉಣುಗೋಲಿನ, ಅಂದರೆ ಅಡ್ಡಗೋಲುಗಳನ್ನು ಸರಿಸಿ ದಾಟುವ ಹಳೆಯ ಬಾಗಿಲಿನ, ವಿಷಯ ತೆಗೆದರು. ದನ ಮಾರಿದ ವರ್ಷ ಅದನ್ನು ಕಿತ್ತು ನಾನೇ ಹಟ ಹಿಡಿದು ಕಬ್ಬಿಣದ ಗೇಟು ಹಾಕಿಸಿದ್ದೆ. ಈಗ ಅದು ಹಗಲೂ ರಾತ್ರಿ ತೆರೆದೇ ಇರುತ್ತದಂತೆ, ಹೊರಹೋಗುವುದಕ್ಕೆ ಕೊಟ್ಟಿಗೆಯಲ್ಲಿ ಏನೂ ಇಲ್ಲವಲ್ಲ. ನನ್ನ ಸಿಟ್ಟು ಇಳಿಯುತ್ತಿತ್ತು, ಅಷ್ಟರಲ್ಲಿ ಅಪ್ಪ ಎದ್ದು ನಿಂತರು.

'ಕೊನೆಯ ಗೇಟು ದಾಟುವಾಗ ಹಿಂದೆ ಇದ್ದದ್ದು ನೀನಲ್ಲವಾ? ಹಾಕಿದ್ದೀಯೋ ಇಲ್ಲವೋ, ಒಮ್ಮೆ ನೋಡಿ ಬರುತ್ತೇನೆ.'